ಕರಾವಳಿಯ ಮನೆ ತಿನಿಸಿನ ಆನ್‌ಲೈನ್ ವ್ಯಾಪಾರ: ಎರಡನೇ ಆರ್ಡರ್ ಬರುವಂತೆ ಕಟ್ಟುವ ಕ್ರಮ

ಮಂಗಳೂರು ಮತ್ತು ಉಡುಪಿಯ ಸುತ್ತಮುತ್ತಲಿನ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಹಲಸಿನ ಹಪ್ಪಳ ಒತ್ತುವ, ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುವ, ಮಾವಿನ ರಸದ ಮಾಂಬಳ ಒಣಗಿಸುವ ಕೆಲಸ ಶುರುವಾಗುತ್ತದೆ. ಇವೇ ತಿನಿಸುಗಳಿಗಾಗಿ ಮುಂಬಯಿ, ಪುಣೆ, ಬೆಂಗಳೂರು ಮತ್ತು ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ನಮ್ಮ ಊರಿನವರು ವರ್ಷವಿಡೀ ಆಸೆಪಡುತ್ತಾರೆ. ಮಾಡುವವರನ್ನೂ ತಿನ್ನುವವರನ್ನೂ ಮೊಬೈಲ್, ಯುಪಿಐ ಮತ್ತು ಕೊರಿಯರ್‌ಗಳ ಮೂಲಕ ಜೋಡಿಸುವುದು ಈಗ ಕಷ್ಟದ ಕೆಲಸವಲ್ಲ. ಹಾಗೆ ಜೋಡಿಸಿದ ವ್ಯಾಪಾರವನ್ನು ನಷ್ಟವಿಲ್ಲದೆ ವರ್ಷಗಟ್ಟಲೆ ನಡೆಸುವುದಕ್ಕೆ ಮಾತ್ರ ಎಚ್ಚರದ ಲೆಕ್ಕ ಬೇಕಾಗುತ್ತದೆ.

ಸಣ್ಣ ಆನ್‌ಲೈನ್ ವ್ಯಾಪಾರದ ಆರೋಗ್ಯವನ್ನು ಇನ್‌ಸ್ಟಾಗ್ರಾಂ ಹಿಂಬಾಲಕರ ಸಂಖ್ಯೆಯಿಂದ ಅಳೆಯುವ ರೂಢಿ ಬೆಳೆದಿದೆ. ಒಮ್ಮೆ ಕೊಂಡವರು ಇನ್ನೊಮ್ಮೆ ಕೇಳಿದರೇ ಎಂಬುದೇ ಸರಿಯಾದ ಅಳತೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ, ಮುಂದೆ ಲೆಕ್ಕ ಸಹಿತ ತೋರಿಸುವಂತೆ, ಮೊದಲ ಆರ್ಡರ್‌ನಲ್ಲಿ ಹೆಚ್ಚಿನ ಪಾಲು ಏನೂ ಉಳಿಯುವುದಿಲ್ಲ. ಈ ಮಾರ್ಗದರ್ಶಿಯ ಎಲ್ಲ ಹಂತಗಳನ್ನೂ ಆ ದೃಷ್ಟಿಯಿಂದಲೇ ಜೋಡಿಸಲಾಗಿದೆ. ಹಲಸಿನ ಹಪ್ಪಳವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಉಪ್ಪಿನಕಾಯಿ, ಸಾಂಬಾರು ಪುಡಿ, ಚಿಪ್ಸ್, ಕೋರಿರೊಟ್ಟಿಗಳಿಗೂ ಇದೇ ಕ್ರಮ ಹೊಂದುತ್ತದೆ.

ಹಂತ 1: ಒಂದೆರಡು ಪದಾರ್ಥಗಳನ್ನು ಮಾತ್ರ ಆರಿಸಿಕೊಳ್ಳಿ

ಮನೆಯಲ್ಲಿ ಮಾಡಲು ಬರುವ ಎಲ್ಲವನ್ನೂ ಮೊದಲ ದಿನವೇ ಪಟ್ಟಿಗೆ ಸೇರಿಸಬೇಡಿ. ಪ್ರತಿಯೊಂದು ಪದಾರ್ಥಕ್ಕೂ ಬೇರೆ ಲೇಬಲ್, ಬೇರೆ ಬಾಳಿಕೆಯ ಅವಧಿ, ಬೇರೆ ಪ್ಯಾಕಿಂಗ್ ಮತ್ತು ಬೇರೆ ದಾಸ್ತಾನು ಬೇಕಾಗುತ್ತದೆ. ಆರಿಸುವಾಗ ಮೂರು ಗುಣಗಳನ್ನು ನೋಡಿ: ಕನಿಷ್ಠ ಮೂರು ತಿಂಗಳು ಕೆಡದೆ ಉಳಿಯಬೇಕು, ನಾಲ್ಕೈದು ದಿನಗಳ ಸಾಗಾಟವನ್ನು ತಾಳಿಕೊಳ್ಳಬೇಕು, ಮತ್ತು ಹೊರ ಊರಿನ ಅಂಗಡಿಯಲ್ಲಿ ಅದೇ ರುಚಿಯಲ್ಲಿ ಸಿಗುವಂತಿರಬಾರದು. ಕೆಸುವಿನ ಎಲೆಯ ಪತ್ರೊಡೆ ಎಷ್ಟೇ ಚೆನ್ನಾಗಿದ್ದರೂ ಮೊದಲ ಗುಣದಲ್ಲೇ ಸೋಲುತ್ತದೆ. ಅದನ್ನು ಮಳೆಗಾಲದ ಆಟಿ ತಿಂಗಳಲ್ಲಿ ನಗರದೊಳಗೆ ಮುಂಗಡ ಆರ್ಡರ್ ಪಡೆದು ಕೊಡುವುದೇ ಸರಿ. ಉದ್ದಿನ ಹಪ್ಪಳ ಎಲ್ಲೆಡೆ ಸಿಗುವುದರಿಂದ ಮೂರನೆಯ ಗುಣದಲ್ಲಿ ಹಿಂದೆ ಬೀಳುತ್ತದೆ. ಹಲಸಿನ ಹಪ್ಪಳಕ್ಕೆ ಮೂರೂ ಗುಣಗಳಿವೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರ. ಮಟ್ಟು ಗುಳ್ಳ, ಉಡುಪಿ ಮಲ್ಲಿಗೆ, ಉಡುಪಿ ಸೀರೆ ಇವು ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಆಯಾ ಊರಿನ ಉತ್ಪನ್ನಕ್ಕಷ್ಟೇ ಸಲ್ಲುವ ಹೆಸರಿನ ಕಾನೂನು ರಕ್ಷಣೆ, ಪಡೆದ ಹೆಸರುಗಳು. ಬೇರೆ ಊರಿನಲ್ಲಿ ಬೆಳೆದ ಬದನೆಯ ಉಪ್ಪಿನಕಾಯಿಗೆ ಮಟ್ಟು ಗುಳ್ಳದ ಹೆಸರು ಹಾಕುವುದು ಕಾನೂನಿಗೂ ವಿರುದ್ಧ, ಮಟ್ಟುವಿನ ಬೆಳೆಗಾರರಿಗೂ ಅನ್ಯಾಯ.

ಹಂತ 2: ಬೆಲೆ ನಿಗದಿ ಮಾಡುವ ಮೊದಲು ಪೂರ್ತಿ ಲೆಕ್ಕ ಬರೆಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಮನೆಯವರೇ ಮಾಡುವ ಕೆಲಸಕ್ಕೆ ಕೂಲಿ ಹಾಕದಿರುವುದು, ಸ್ವಂತ ಮರದ ಹಲಸಿಗೆ ಬೆಲೆ ಹಾಕದಿರುವುದು ನಮ್ಮಲ್ಲಿ ವಾಡಿಕೆ. ಹಾಗೆ ಹಾಕಿದ ಬೆಲೆಯಲ್ಲಿ ಬೇಡಿಕೆ ಹೆಚ್ಚಾಗಿ ಹೊರಗಿನಿಂದ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಕರೆಯಬೇಕಾಗಿ ಬಂದ ದಿನವೇ ವ್ಯಾಪಾರ ನಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಪ್ರತಿಯೊಬ್ಬರ ದುಡಿಮೆಗೂ ಊರಿನ ಕೂಲಿಯ ದರದಲ್ಲಿ ಬೆಲೆ ಕಟ್ಟಿ.

ಲೆಕ್ಕದ ರೀತಿ ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. 250 ಗ್ರಾಂ ಹಲಸಿನ ಹಪ್ಪಳದ ಪ್ಯಾಕೆಟ್ಟಿಗೆ ಹಲಸು, ಮೆಣಸು, ಉಪ್ಪು ಮತ್ತು ಇಂಧನ ಸೇರಿ 45 ರೂಪಾಯಿ, ಸೊಳೆ ಬಿಡಿಸಿ ಬೇಯಿಸಿ ಒತ್ತಿ ಒಣಗಿಸುವ ಕೂಲಿ 50 ರೂಪಾಯಿ, ಒಳಕವರ್ ಮತ್ತು ಲೇಬಲ್‌ಗೆ 12 ರೂಪಾಯಿ ಎಂದಿಟ್ಟುಕೊಳ್ಳಿ, ಒಟ್ಟು 107. ರಟ್ಟಿನ ಪೆಟ್ಟಿಗೆ ಮತ್ತು ಟೇಪಿಗೆ 18, ಒಡೆದುಹೋಗುವ ಪ್ಯಾಕೆಟ್ಟುಗಳ ಪಾಲು 5, ಆನ್‌ಲೈನ್ ಪಾವತಿ ನಡೆಸಿಕೊಡುವ ಸಂಸ್ಥೆಯ (ಪಾವತಿ ಗೇಟ್‌ವೇ) ಶುಲ್ಕ ಶೇಕಡಾ 2 ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ ಸುಮಾರು 5, ಕೊರಿಯರ್ 70. ಪ್ಯಾಕೆಟ್ಟಿಗೆ 200 ರೂಪಾಯಿ ಇಟ್ಟು ‘ಉಚಿತ ಡೆಲಿವರಿ’ ಎಂದು ಘೋಷಿಸಿದರೆ ಖರ್ಚು 205 ಆಗಿ ಪ್ರತಿ ಆರ್ಡರ್‌ಗೂ 5 ರೂಪಾಯಿ ಕೈಯಿಂದ ಹೋಗುತ್ತದೆ.

ಅದೇ ಗ್ರಾಹಕರು ಒಟ್ಟಿಗೆ ಮೂರು ಪ್ಯಾಕೆಟ್ ತೆಗೆದುಕೊಂಡರೆ ಬರುವ ಹಣ 600. ತಯಾರಿಕೆ 321, ಪೆಟ್ಟಿಗೆ 25, ಒಡೆತ 15, ಗೇಟ್‌ವೇ 15, ಕೊರಿಯರ್ 90, ಒಟ್ಟು ಖರ್ಚು 466, ಉಳಿಕೆ 134. ಬಿಡಿ ಪ್ಯಾಕೆಟ್ಟಿನ ಬದಲು ಮೂರರ ಕಟ್ಟನ್ನೇ ಮುಖ್ಯ ಮಾರಾಟದ ಘಟಕವಾಗಿ ಮಾಡಬೇಕೆನ್ನುವುದು ಇದಕ್ಕಾಗಿ. ಒಂದೇ ಪ್ಯಾಕೆಟ್ ಬೇಕೆನ್ನುವವರಿಗೆ ಕೊರಿಯರ್ ವೆಚ್ಚವನ್ನು ಪ್ರತ್ಯೇಕವಾಗಿ ತಿಳಿಸಿ, ಸಂಕೋಚಪಡುವ ಅಗತ್ಯವಿಲ್ಲ.

ಇನ್ನು ಜಾಹೀರಾತು. ಹೊಸ ಗ್ರಾಹಕರೊಬ್ಬರನ್ನು ತರಲು 120 ರೂಪಾಯಿ ತಗಲಿತು ಎಂದುಕೊಂಡರೆ ಆ ಮೂರು ಪ್ಯಾಕೆಟ್ಟಿನ ಆರ್ಡರ್‌ನಲ್ಲಿ ನಿಮಗೆ ಉಳಿಯುವುದು 14 ರೂಪಾಯಿ. ಅದೇ ವ್ಯಕ್ತಿ ಎರಡು ತಿಂಗಳ ಬಳಿಕ ತಾವಾಗಿಯೇ ಮತ್ತೆ ಕೇಳಿದಾಗ ಜಾಹೀರಾತಿನ ಖರ್ಚಿಲ್ಲದೆ ಪೂರ್ತಿ 134 ಉಳಿಯುತ್ತದೆ. ಎರಡನೇ ಆರ್ಡರ್‌ಗೆ ನಾನು ಇಷ್ಟು ಒತ್ತು ಕೊಡುತ್ತಿರುವುದು ಈ ಅಂತರಕ್ಕಾಗಿ.

ಹಂತ 3: ನೋಂದಣಿ ಮತ್ತು ತೆರಿಗೆ

ತಿನಿಸು ಮಾರುವ ಯಾರಿಗೇ ಆಗಲಿ, ಮನೆಯ ಅಡುಗೆಕೋಣೆಯಿಂದಲೇ ಮಾರಿದರೂ, 2006ರ ಆಹಾರ ಸುರಕ್ಷತಾ ಕಾಯಿದೆ ಅನ್ವಯಿಸುತ್ತದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಸಣ್ಣ ವಹಿವಾಟಿನವರಿಗೆ ನೋಂದಣಿ ಸಾಕು, ವಾರ್ಷಿಕ ವಹಿವಾಟು ಮಿತಿಯನ್ನು ದಾಟಿದವರಿಗೆ ಪರವಾನಗಿ ಬೇಕು. ಸದ್ಯದ ಮಿತಿಯನ್ನು ಅರ್ಜಿ ಹಾಕುವ ದಿನವೇ ಆ ಜಾಲತಾಣದಲ್ಲಿ ನೋಡಿಕೊಳ್ಳಿ. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪ್ರತಿ ಪ್ಯಾಕೆಟ್ಟಿನ ಮೇಲೂ ಮುದ್ರಿಸಬೇಕು. ಸ್ಥಳೀಯ ಉದ್ದಿಮೆ ಪರವಾನಗಿಗಾಗಿ ನಿಮ್ಮ ಮನೆ ಇರುವ ಗ್ರಾಮ ಪಂಚಾಯತ್, ನಗರಸಭೆ ಅಥವಾ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರಕಾರದ ಜಾಲತಾಣದಲ್ಲಿ ಸಂಪೂರ್ಣ ಉಚಿತ. ಅದಕ್ಕೆ ಶುಲ್ಕ ಕೇಳುವ ತಾಣ ಕಂಡರೆ ಅದು ಸರಕಾರದ್ದಲ್ಲವೆಂದೇ ತಿಳಿಯಿರಿ.

ಜಿಎಸ್‌ಟಿಯಲ್ಲಿ ಹೆಚ್ಚಿನವರು ಎಡವುವ ಸ್ಥಳವೊಂದಿದೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಬೇಡ ಎಂಬ ಮಾತು ರಾಜ್ಯದೊಳಗಿನ ಮಾರಾಟಕ್ಕೆ ಸರಿ. ಆದರೆ ತೆರಿಗೆ ಇರುವ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಆ ಮಿತಿಯ ರಕ್ಷಣೆ ಇಲ್ಲ. ಮೊದಲ ಮಾರಾಟಕ್ಕೇ ನೋಂದಣಿ ಕಡ್ಡಾಯವಾಗುತ್ತದೆ. ಹಪ್ಪಳಕ್ಕೆ ಜಿಎಸ್‌ಟಿ ವಿನಾಯಿತಿ ಇದೆ, ಉಪ್ಪಿನಕಾಯಿಗೆ ಇಲ್ಲ. ಹೀಗಾಗಿ ಹಪ್ಪಳವೊಂದನ್ನೇ ಮುಂಬಯಿಗೆ ಕಳುಹಿಸುವವರ ಸ್ಥಿತಿಯೂ ಅದರ ಜೊತೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಸೇರಿಸುವವರ ಸ್ಥಿತಿಯೂ ಕಾನೂನಿನ ಮುಂದೆ ಒಂದೇ ಅಲ್ಲ. ತೆರಿಗೆ ಸಲಹೆಗಾರರ ಬಳಿ ಹೋಗುವಾಗ ನಿಮ್ಮ ಪದಾರ್ಥಗಳ ಪಟ್ಟಿಯನ್ನೂ ಯಾವ ಯಾವ ರಾಜ್ಯಕ್ಕೆ ಕಳುಹಿಸುತ್ತೀರಿ ಎಂಬುದನ್ನೂ ಬರೆದು ಕೊಂಡೊಯ್ಯಿರಿ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ್ದು ನೆನಪಿರಬಹುದು. ತೆರಿಗೆಯಿಲ್ಲದ ಸರಕು ಮಾರುವವರೂ ಆಗ ವಿವರಣೆ ಕೊಡಬೇಕಾಯಿತು. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟು, ಯಾವ ವಸ್ತುವಿಗೆ ಎಷ್ಟು ಹಣ ಬಂತೆಂದು ಬಿಲ್ಲಿನ ಸಮೇತ ದಾಖಲಿಸುವವರಿಗೆ ಅಂಥ ವಿವರಣೆ ಒಂದು ಸಂಜೆಯ ಕೆಲಸ. ಮನೆಖರ್ಚು, ಚಿಟ್‌ಫಂಡ್, ನೆಂಟರ ಕೈಸಾಲ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತವರಿಗೆ ವ್ಯಾಪಾರದ ಹಣ ಯಾವುದೆಂದು ತೋರಿಸುವುದೇ ಕಷ್ಟವಾಗುತ್ತದೆ.

ಹಂತ 4: ಲೇಬಲ್

ಪ್ಯಾಕೆಟ್ಟಿನ ಮೇಲೆ ಪದಾರ್ಥದ ಹೆಸರು, ಬಳಸಿದ ಸಾಮಗ್ರಿಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿ, ನಿವ್ವಳ ತೂಕ, ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ, ತಯಾರಿಸಿದ ದಿನ, ಬಳಕೆಯ ಕೊನೆಯ ದಿನ, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗಾಗಿ ಫೋನ್ ಸಂಖ್ಯೆ ಮತ್ತು ಇಮೇಲ್, ಸಸ್ಯಾಹಾರದ ಹಸಿರು ಗುರುತು ಇರಬೇಕು. ಇವುಗಳ ಜೊತೆ ಘಟಕ ಬೆಲೆಯನ್ನೂ ನಮೂದಿಸಬೇಕು. 250 ಗ್ರಾಂಗೆ 200 ರೂಪಾಯಿಯಾದರೆ ‘ಗ್ರಾಂಗೆ 0.80 ರೂ.’ ಎಂದು. ಆನ್‌ಲೈನ್‌ನಲ್ಲಿ ಮಾರುವಾಗ ಈ ಮಾಹಿತಿಯ ಮುಖ್ಯ ಭಾಗ ಮಾರಾಟದ ಪುಟದಲ್ಲೂ ಕಾಣಬೇಕಾಗುತ್ತದೆ. ಪೌಷ್ಟಿಕಾಂಶದ ಪಟ್ಟಿ ಯಾರಿಗೆ ಕಡ್ಡಾಯ, ಯಾರಿಗೆ ವಿನಾಯಿತಿ ಎಂಬುದನ್ನು ನೋಂದಣಿಯ ಸಂದರ್ಭದಲ್ಲೇ ಆಹಾರ ಸುರಕ್ಷತಾ ಅಧಿಕಾರಿಯಿಂದ ಕೇಳಿ ತಿಳಿದುಕೊಳ್ಳಿ.

ಹಲಸಿನ ಉತ್ಪನ್ನಗಳನ್ನು ಮಧುಮೇಹಕ್ಕೆ ಔಷಧವೆಂಬಂತೆ ಮಾರುವ ಪ್ರಲೋಭನೆ ಇತ್ತೀಚೆಗೆ ಹೆಚ್ಚಿದೆ. ದಯವಿಟ್ಟು ಅದರಿಂದ ದೂರವಿರಿ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ನೀಡಿದರೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅದೇ 2006ರ ಕಾಯಿದೆಯಲ್ಲಿ ಅವಕಾಶವಿದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮಾತನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಆ ಹಾನಿಯನ್ನು ತುಂಬಿಕೊಡಲು ಯಾರಿಂದಲೂ ಆಗದು. ‘ಸಾವಯವ’ ಎಂಬ ಪದವನ್ನೂ ಪ್ರಮಾಣಪತ್ರವಿಲ್ಲದೆ ಬಳಸಬೇಡಿ. ‘ನಮ್ಮ ತೋಟದ ಹಲಸು’ ಎಂಬುದು ನಿಜವಾಗಿದ್ದರೆ ಅಷ್ಟು ಬರೆದರೆ ಸಾಕು.

ಹಂತ 5: ಅಂಗಡಿ ತೆರೆಯುವ ಜಾಗ

ಮೊದಲ ನೂರು ಆರ್ಡರ್‌ಗಳವರೆಗೆ ವಾಟ್ಸಾಪ್ ಬಿಸಿನೆಸ್ ಒಂದೇ ಸಾಕು. ಅದರ ಕ್ಯಾಟಲಾಗ್‌ನಲ್ಲಿ ಚಿತ್ರ, ಬೆಲೆ, ತೂಕ ಸೇರಿಸಬಹುದು. ಹಣ ಬಂದವರು, ಪಾರ್ಸೆಲ್ ಹೋದವರು, ಉತ್ತರ ಬಾಕಿ ಇರುವವರು ಎಂದು ಲೇಬಲ್ ಹಾಕಿ ವಿಂಗಡಿಸಬಹುದು. ವ್ಯಾಪಾರಕ್ಕೆ ಬೇರೆಯೇ ಸಿಮ್ ತೆಗೆದುಕೊಳ್ಳಿ. ಸ್ವಂತ ಜಾಲತಾಣದ ಅಗತ್ಯ ಬರುವುದು, ವಿಳಾಸ ಬರೆದುಕೊಳ್ಳುವ ಮತ್ತು ಹಣ ಬಂತೇ ಎಂದು ನೋಡುವ ಕೆಲಸವೇ ದಿನದ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನತೊಡಗಿದಾಗ. ಆಗಲೂ ಡೊಮೈನ್ ಹೆಸರನ್ನು ನಿಮ್ಮದೇ ಹೆಸರು ಮತ್ತು ಇಮೇಲ್‌ನಲ್ಲಿ ನೋಂದಾಯಿಸಿ, ತಾಣ ಮಾಡಿಕೊಡುವವರ ಹೆಸರಿನಲ್ಲಿ ಬೇಡ.

ಮನೆಗೆ ಬಂದು ಕೊಂಡೊಯ್ಯುವವರಿದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಅದು ಉಚಿತ. ಗ್ರಾಹಕರನ್ನು ಮುಖತಃ ಭೇಟಿಯಾಗುವ ವ್ಯಾಪಾರಗಳಿಗೆ ಮಾತ್ರ ಗೂಗಲ್ ಇದನ್ನು ಕೊಡುತ್ತದೆ, ಬರೇ ಕೊರಿಯರ್ ಮೂಲಕ ಮಾರುವವರಿಗೆ ಅವಕಾಶವಿಲ್ಲ. ರಜೆಗೆ ಬಂದವರು ‘ಹತ್ತಿರದಲ್ಲಿ ಹಲಸಿನ ಹಪ್ಪಳ’ ಎಂದು ಹುಡುಕಿದಾಗ ನಿಮ್ಮ ಹೆಸರು ಕಾಣುವುದು ಇದರಿಂದಲೇ. ವಿವರಣೆಯಲ್ಲಿ ಪದಾರ್ಥದ ಹೆಸರನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯಿರಿ, ಏಕೆಂದರೆ ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಹುಡುಕುತ್ತಾರೆ.

ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರುಕಟ್ಟೆಗಳಿಗೆ ಮೊದಲ ವರ್ಷವೇ ಹೋಗುವುದು ಒಳ್ಳೆಯದೆಂದು ನನಗೆ ಅನಿಸುವುದಿಲ್ಲ. ಕಮಿಷನ್ ಒಂದು ಕಾರಣ; ಅದಕ್ಕಿಂತ ದೊಡ್ಡ ಕಾರಣವೆಂದರೆ ಅಲ್ಲಿ ಕೊಂಡವರ ಫೋನ್ ಸಂಖ್ಯೆ ನಿಮ್ಮ ಕೈಗೆ ಸಿಗುವುದಿಲ್ಲ, ಆದ್ದರಿಂದ ಎರಡನೇ ಆರ್ಡರ್‌ಗೆ ನೀವಾಗಿ ಅವರನ್ನು ತಲುಪಲಾರಿರಿ.

ಹಂತ 6: ಚಿತ್ರ ಮತ್ತು ವಿವರಣೆ

ಬೆಳಗಿನ ಹೊತ್ತು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಫಿಲ್ಟರ್ ಇಲ್ಲದೆ ತೆಗೆದ ಮೊಬೈಲ್ ಚಿತ್ರ ಸಾಕು. ಹಸಿ ಹಪ್ಪಳದ್ದೊಂದು, ಕರಿದದ್ದರದ್ದೊಂದು, ಗಾತ್ರ ತಿಳಿಯುವಂತೆ ಕೈಯಲ್ಲಿ ಹಿಡಿದದ್ದೊಂದು, ಲೇಬಲ್ ಓದಲು ಬರುವಂಥದ್ದೊಂದು ಇರಲಿ. ಚಿತ್ರದಲ್ಲಿ ಹಪ್ಪಳ ಇರುವುದಕ್ಕಿಂತ ಬಿಳಿಯಾಗಿ ಕಂಡರೆ ಪಾರ್ಸೆಲ್ ಬಿಚ್ಚಿದವರಿಗೆ ನಿರಾಸೆಯಾಗುತ್ತದೆ.

ವಿವರಣೆಯಲ್ಲಿ ‘ಅತ್ಯುತ್ತಮ’, ‘ಬಾಯಲ್ಲಿ ನೀರೂರಿಸುವ’ ಎಂಬ ಪದಗಳಿಗಿಂತ ಮಾಹಿತಿಗೆ ಬೆಲೆ ಹೆಚ್ಚು. ಪ್ಯಾಕೆಟ್ಟಿನಲ್ಲಿ ಅಂದಾಜು ಎಷ್ಟು ಹಪ್ಪಳಗಳಿವೆ, ಖಾರ ಎಷ್ಟು, ಜೀರಿಗೆ ಅಥವಾ ಕೊತ್ತಂಬರಿ ಹಾಕಿದೆಯೇ, ಯಾವ ತಿಂಗಳು ಒಣಗಿಸಿದ್ದು, ಕರಿಯುವ ಮೊದಲು ಸ್ವಲ್ಪ ಹೊತ್ತು ಬಿಸಿಲಿಗೆ ಇಡಬೇಕೇ ಎಂಬುದನ್ನು ಬರೆಯಿರಿ. ಗ್ರಾಹಕರು ವಾಟ್ಸಾಪ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಯ ಉತ್ತರವನ್ನು ಅದೇ ದಿನ ವಿವರಣೆಗೆ ಸೇರಿಸುತ್ತಾ ಹೋಗಿ.

ಹಂತ 7: ಹಣ ಪಡೆಯುವುದು

ಯುಪಿಐ ಕ್ಯೂಆರ್ ಸಾಕು. ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳುಹಿಸಬೇಡಿ. ಅಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ನಿಮ್ಮ ಬ್ಯಾಂಕ್ ಖಾತೆಗೆ ಹಣ ಜಮೆಯಾದದ್ದನ್ನು ನೋಡಿದ ಬಳಿಕವೇ ಪೆಟ್ಟಿಗೆ ಕಟ್ಟಿ. ದೊಡ್ಡ ಆರ್ಡರ್ ಇದೆಯೆಂದು ನಂಬಿಸಿ, ಮುಂಗಡ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುವವರು ವಂಚಕರು, ಏಕೆಂದರೆ ಹಣ ಪಡೆಯಲು ಪಿನ್ ಎಂದಿಗೂ ಬೇಕಾಗುವುದಿಲ್ಲ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕ್ಯಾಶ್ ಆನ್ ಡೆಲಿವರಿ ಬೇಡವೆಂದೇ ನನ್ನ ಸಲಹೆ: ಪಾರ್ಸೆಲ್ ಹಿಂದಿರುಗಿದರೆ ಎರಡೂ ಕಡೆಯ ಸಾಗಾಟ ವೆಚ್ಚ ನಿಮ್ಮ ಮೇಲೆ ಬೀಳುತ್ತದೆ, ಹಪ್ಪಳವೂ ಪುಡಿಯಾಗಿರುತ್ತದೆ.

ಹಂತ 8: ಪ್ಯಾಕಿಂಗ್ ಮತ್ತು ಸಾಗಾಟ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಾಂಶವೇ ಹಪ್ಪಳದ ಮೊದಲ ಶತ್ರು. ಮಾರ್ಚ್‌ನಿಂದ ಮೇ ತನಕ ಒಣಗಿಸಿದ್ದನ್ನು ಮಳೆಗಾಲ ಹಿಡಿಯುವ ಮೊದಲೇ ದಪ್ಪ ಕವರಿನಲ್ಲಿ ಹೀಟ್ ಸೀಲ್ ಮಾಡಿ, ಗಾಳಿಯಾಡದ ಡಬ್ಬಗಳಲ್ಲಿ ನೆಲದಿಂದ ಎತ್ತರದಲ್ಲಿ ಇಡಬೇಕು. ಜುಲೈಯಲ್ಲಿ ಡಬ್ಬ ತೆರೆದು ಪ್ಯಾಕೆಟ್ ತುಂಬುವ ಕ್ರಮ ಬೇಡ. ಪ್ಯಾಕೆಟ್ ಮಾಡುವ ಕೆಲಸ ಬಿಸಿಲಿನ ದಿನಗಳಲ್ಲೇ ಮುಗಿಯಲಿ.

ಕೊರಿಯರ್ ಸಂಸ್ಥೆಗಳು ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಸೂತ್ರ. 30, 25, 20 ಸೆಂಟಿಮೀಟರಿನ ಪೆಟ್ಟಿಗೆಯ ಗಾತ್ರದ ತೂಕ 3 ಕಿಲೋ. ಒಳಗೆ ಒಂದು ಕಿಲೋ ಹಪ್ಪಳವಿದ್ದರೂ ಮೂರು ಕಿಲೋದ ಹಣ ಕೊಡಬೇಕಾಗುತ್ತದೆ. ಅದೇ ಒಂದು ಕಿಲೋವನ್ನು 25, 20, 10 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಕೂರಿಸಲು ಸಾಧ್ಯವಾದರೆ ಗಾತ್ರದ ತೂಕ 1 ಕಿಲೋಗೆ ಇಳಿಯುತ್ತದೆ. ಹಪ್ಪಳದ ವ್ಯಾಸವನ್ನು ನಿರ್ಧರಿಸುವಾಗಲೇ ಪೆಟ್ಟಿಗೆಯ ಅಳತೆಯನ್ನು ಯೋಚಿಸುವುದು ಇದಕ್ಕಾಗಿ ಒಳ್ಳೆಯದು. ಹಪ್ಪಳಗಳನ್ನು ಅಡ್ಡ ಮಲಗಿಸಿ ಒಂದರ ಮೇಲೊಂದು ಒತ್ತಾಗಿ ಜೋಡಿಸಿ, ಮೇಲೆ ಕೆಳಗೆ ರಟ್ಟಿನ ತುಂಡು ಇಟ್ಟು, ಪೆಟ್ಟಿಗೆ ಅಲುಗಾಡಿಸಿದಾಗ ಸದ್ದು ಬಾರದಂತೆ ಖಾಲಿ ಜಾಗಕ್ಕೆ ಹಳೆ ಪತ್ರಿಕೆ ತುಂಬಿ. ಉಪ್ಪಿನಕಾಯಿಗೆ ಗಾಜಿನ ಬಾಟಲಿಗಿಂತ ಸೀಲ್ ಮಾಡಿದ ದಪ್ಪ ಪೌಚ್ ಸುರಕ್ಷಿತ.

ಬೆಂಗಳೂರಿಗೆ ಕಳುಹಿಸುವವರಿಗೆ ನಮ್ಮಲ್ಲಿ ಬಸ್ಸಿನ ಸೌಲಭ್ಯವಿದೆ. ಸಂಜೆ ಹೊರಡುವ ಖಾಸಗಿ ಬಸ್ಸುಗಳಲ್ಲೂ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ದಲ್ಲೂ ಪಾರ್ಸೆಲ್ ಹಾಕಿದರೆ ಸಾಮಾನ್ಯವಾಗಿ ಮರುದಿನ ಬೆಳಗ್ಗೆ ಅಲ್ಲಿ ಸಿಗುತ್ತದೆ, ಗ್ರಾಹಕರೇ ಹೋಗಿ ಬಿಡಿಸಿಕೊಳ್ಳಬೇಕು ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮನೆಬಾಗಿಲಿಗೆ ಬೇಕೆನ್ನುವವರಿಗೆ, ಅದರಲ್ಲೂ ಕೊರಿಯರ್ ತಲುಪದ ಸಣ್ಣ ಊರುಗಳಿಗೆ, ಅಂಚೆಯ ಸ್ಪೀಡ್ ಪೋಸ್ಟ್ ಭರವಸೆಯ ದಾರಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಪಾರ್ಸೆಲ್ ಒಂದೆರಡು ದಿನ ತಡವಾಗುವುದುಂಟು. ಆ ಸುದ್ದಿ ತಿಳಿದ ತಕ್ಷಣ, ಗ್ರಾಹಕರು ಕೇಳುವ ಮೊದಲೇ, ನೀವೇ ಸಂದೇಶ ಕಳುಹಿಸಿ.

ವಾರದಲ್ಲಿ ಎರಡು ದಿನ, ಸೋಮವಾರ ಮತ್ತು ಬುಧವಾರ ಎಂದಿಟ್ಟುಕೊಳ್ಳಿ, ಪಾರ್ಸೆಲ್ ಕಳುಹಿಸುವ ದಿನಗಳನ್ನು ನಿಗದಿ ಮಾಡಿ ಎಲ್ಲರಿಗೂ ತಿಳಿಸಿ. ಶುಕ್ರವಾರ ಹಾಕಿದ ಪೆಟ್ಟಿಗೆ ಭಾನುವಾರ ಗೋದಾಮಿನಲ್ಲಿ ಬಿದ್ದಿರುತ್ತದೆ.

ಕೊಲ್ಲಿ ದೇಶಗಳಿಗೆ ನೇರವಾಗಿ ಮಾರಲು ಆಮದು ರಫ್ತು ಸಂಕೇತ ಸಂಖ್ಯೆ ಬೇಕು, ಅಲ್ಲಿನ ಆಹಾರ ನಿಯಮಗಳನ್ನೂ ಪಾಲಿಸಬೇಕು. ಆರಂಭದಲ್ಲಿ ಅದರ ಬದಲು, ಊರಿಗೆ ಬಂದು ಮರಳುವವರಿಗೆ ಅವರು ಹೊರಡುವ ಎರಡು ದಿನ ಮೊದಲು ಮನೆಗೆ ತಲುಪಿಸುವ ವ್ಯವಸ್ಥೆ ಮಾಡಿ. ದುಬೈಯಲ್ಲಿರುವವರು ಅಲ್ಲಿಂದಲೇ ಹಣ ಕಟ್ಟುತ್ತಾರೆ, ಪೆಟ್ಟಿಗೆ ಕಾಪುವಿನ ಅಥವಾ ಸುರತ್ಕಲ್‌ನ ಮನೆಗೆ ಹೋಗುತ್ತದೆ.

ಹಂತ 9: ಗ್ರಾಹಕರನ್ನು ತಲುಪುವುದು

ಮೊದಲ ಐವತ್ತು ಗ್ರಾಹಕರಿಗಾಗಿ ಜಾಹೀರಾತು ಕೊಡಬೇಡಿ. ಏಪ್ರಿಲ್, ಮೇ ತಿಂಗಳುಗಳು ನಮ್ಮಲ್ಲಿ ಹಪ್ಪಳದ ಕಾಲವೂ ಹೌದು, ಶಾಲೆಯ ರಜೆ, ಮದುವೆ, ನೇಮ, ಬ್ರಹ್ಮಕಲಶಗಳಿಗೆ ಹೊರ ಊರಿನವರು ಮನೆಗೆ ಬರುವ ಕಾಲವೂ ಹೌದು. ಈ ಎರಡು ತಿಂಗಳಲ್ಲಿ ರುಚಿ ನೋಡಿದವರೇ ಮುಂದಿನ ಹತ್ತು ತಿಂಗಳು ಫೋನ್ ಮಾಡುವವರು. ಪರಿಚಯದ ಮನೆಗಳಿಗೆ ಹತ್ತು ಹಪ್ಪಳದ ಸಣ್ಣ ಪೊಟ್ಟಣವನ್ನು, ವ್ಯಾಪಾರದ ವಾಟ್ಸಾಪ್ ಸಂಖ್ಯೆ ಇರುವ ಕಾರ್ಡಿನ ಜೊತೆ ಕೊಡಿ. ಹಲಸು ಮೇಳಗಳಲ್ಲಿ ಮಳಿಗೆ ಸಿಕ್ಕಿದರೆ ಅಲ್ಲೇ ಕರಿದು ರುಚಿ ತೋರಿಸಿ. ಒಂದು ಪೊಟ್ಟಣದ ಖರ್ಚು ಒಂದು ಜಾಹೀರಾತು ಕ್ಲಿಕ್ಕಿಗಿಂತ ಹೆಚ್ಚಿರಬಹುದು, ಆದರೆ ಅದು ತಿಂದು ನೋಡಿದ ಗ್ರಾಹಕರನ್ನು ತರುತ್ತದೆ.

ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್‌ನಲ್ಲಿ ವಾರಕ್ಕೆ ಒಂದು ವಿಡಿಯೊ ಹಾಕಿದರೆ ಸಾಕು, ಆದರೆ ತಪ್ಪದೆ ಹಾಕಬೇಕು. ಹಲಸು ಕೊಯ್ಯುವುದು, ಸೊಳೆ ಬಿಡಿಸುವುದು, ಬೇಯಿಸಿ ಕಡೆಯುವುದು, ಚಾಪೆಯ ಮೇಲೆ ಒಣಹಾಕುವುದು ಇವುಗಳಲ್ಲಿ ಒಂದೊಂದೂ ಒಂದು ವಿಡಿಯೊ ಆಗಬಲ್ಲದು. ಒಣಗಿಸುವ ತಿಂಗಳುಗಳಲ್ಲೇ ವರ್ಷಕ್ಕೆ ಸಾಕಾಗುವಷ್ಟು ಚಿತ್ರೀಕರಿಸಿ ಇಟ್ಟುಕೊಂಡರೆ ಮಳೆಗಾಲದಲ್ಲಿ ಪರದಾಡಬೇಕಾಗಿಲ್ಲ. ಕೆಲಸ ಮಾಡುವವರ ಮುಖ ಕಾಣುವುದಿದ್ದರೆ ಅವರ ಒಪ್ಪಿಗೆ ಪಡೆಯಿರಿ. ಮಾತು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ನಿಮಗೆ ಸಹಜವಾದದ್ದರಲ್ಲಿ ಇರಲಿ. ವಾಟ್ಸಾಪ್‌ನಲ್ಲೂ ಹಾಗೆಯೇ: ತುಳುವಿನಲ್ಲಿ ಕೇಳಿದವರಿಗೆ ತುಳುವಿನಲ್ಲೇ ಉತ್ತರಿಸಿ. ಊರು ಬಿಟ್ಟು ಇಪ್ಪತ್ತು ವರ್ಷವಾದವರಿಗೆ ಆ ಉತ್ತರವೂ ತಾವು ಕೊಂಡ ವಸ್ತುವಿನ ಭಾಗವೇ ಆಗಿರುತ್ತದೆ.

ಹಬ್ಬಗಳ ಪಟ್ಟಿಯನ್ನು ವರ್ಷಾರಂಭದಲ್ಲೇ ಗೋಡೆಗೆ ಹಚ್ಚಿ. ಅಷ್ಟಮಿ, ಚೌತಿ, ಮಂಗಳೂರು ದಸರಾ, ದೀಪಾವಳಿ, ಕ್ರಿಸ್‌ಮಸ್, ಸಮ ಸಂಖ್ಯೆಯ ವರ್ಷಗಳ ಜನವರಿ 18ರ ಉಡುಪಿ ಪರ್ಯಾಯ ಇವುಗಳಿಗೆ ಮೂರು ವಾರ ಮೊದಲೇ ನೆನಪಿನ ಸಂದೇಶ ಹೋಗಬೇಕು. ಹಬ್ಬದ ಹಿಂದಿನ ದಿನ ಕಳುಹಿಸಿದರೆ ಪಾರ್ಸೆಲ್ ತಲುಪಲು ಸಮಯವಿರುವುದಿಲ್ಲ.

ವಾಟ್ಸಾಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯ ಮಿತಿ ಇದೆ, ಮತ್ತು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಪ್ರತಿ ಪೆಟ್ಟಿಗೆಯ ಕಾರ್ಡಿನಲ್ಲಿ ‘ಈ ಸಂಖ್ಯೆಯನ್ನು ಉಳಿಸಿಕೊಳ್ಳಿ, ಹೊಸ ಹಪ್ಪಳ ಬಂದಾಗ ತಿಳಿಸುತ್ತೇವೆ’ ಎಂದು ಬರೆಯಿರಿ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಸಂದೇಶ ಬೇಡ. ‘ಬೇಡ’ ಎಂದವರ ಹೆಸರನ್ನು ಅಂದೇ ತೆಗೆಯಿರಿ. ಒಬ್ಬರು ಆರ್ಡರ್‌ಗಾಗಿ ಕೊಟ್ಟ ಸಂಖ್ಯೆಯನ್ನು ಮತ್ತೊಬ್ಬ ವ್ಯಾಪಾರಿಗೆ ಹಂಚುವುದು ನಂಬಿಕೆದ್ರೋಹ, 2023ರ ವೈಯಕ್ತಿಕ ದತ್ತಾಂಶ ಕಾಯಿದೆಯ ಆಶಯಕ್ಕೂ ವಿರುದ್ಧ.

ಹಣ ಕೊಟ್ಟು ಜಾಹೀರಾತು ಮಾಡುವ ಹೊತ್ತು ಬರುವುದು, ಹಳೆಯ ಗ್ರಾಹಕರು ಮರಳಿ ಬರುತ್ತಿದ್ದಾರೆಂದು ಖಚಿತವಾದ ಮೇಲೆ. ಇಡೀ ಭಾರತಕ್ಕೆ ತೋರಿಸುವ ಬದಲು ನಮ್ಮವರು ಹೆಚ್ಚಾಗಿರುವ ಠಾಣೆ, ಡೊಂಬಿವಲಿ, ಅಂಧೇರಿಯಂಥ ಪ್ರದೇಶಗಳನ್ನಷ್ಟೇ ಆರಿಸಿ, ಕ್ಲಿಕ್ ಮಾಡಿದವರು ನೇರ ವಾಟ್ಸಾಪ್‌ಗೆ ಬರುವಂತೆ ಮಾಡಿ, ದಿನಕ್ಕೆ ಸಣ್ಣ ಮೊತ್ತದಲ್ಲಿ ಹತ್ತು ದಿನ ನಡೆಸಿ ನೋಡಿ. ಆರ್ಡರ್ ಕೊಟ್ಟ ಪ್ರತಿಯೊಬ್ಬರನ್ನೂ ‘ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ಬರೆದುಕೊಳ್ಳಿ. ಮೇಲಿನ ಉದಾಹರಣೆಯ ಪ್ರಕಾರ ಎರಡು ಆರ್ಡರ್‌ಗಳ ಉಳಿಕೆ 268 ರೂಪಾಯಿ. ಹೊಸ ಗ್ರಾಹಕರೊಬ್ಬರನ್ನು ತರುವ ಖರ್ಚು ಆ ಮೊತ್ತವನ್ನು ಮುಟ್ಟಿದರೆ ಆ ಜಾಹೀರಾತನ್ನು ನಿಲ್ಲಿಸಬೇಕು.

ಹಂತ 10: ದೂರು, ದಾಖಲೆ ಮತ್ತು ವರ್ಷದ ಪರಿಶೀಲನೆ

2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಂತೆ ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಸಣ್ಣ ವ್ಯಾಪಾರಕ್ಕೆ ಇಷ್ಟು ಕಾಲಾವಕಾಶ ಬೇಕಿಲ್ಲ. ಹಪ್ಪಳ ಪುಡಿಯಾಗಿ ತಲುಪಿದೆ ಎಂದು ಚಿತ್ರ ಕಳುಹಿಸಿದವರಿಗೆ ಅದೇ ದಿನ ಉತ್ತರಿಸಿ, ಹಣ ಬೇಕೇ ಬೇರೆ ಪ್ಯಾಕೆಟ್ ಬೇಕೇ ಎಂದು ಕೇಳಿ, ಒಪ್ಪಿದ್ದನ್ನು ಮುಂದಿನ ಪಾರ್ಸೆಲ್ ದಿನವೇ ಮಾಡಿ. ಬೆಲೆಯಲ್ಲಿ ಒಡೆತದ 5 ರೂಪಾಯಿ ಸೇರಿಸಿದ್ದು ಇದಕ್ಕಾಗಿಯೇ.

ದಾಸ್ತಾನು ಮುಗಿದಾಗ ಮುಗಿಯಿತೆಂದೇ ಹೇಳಿ. ಬೇರೆಯವರಿಂದ ತಂದ ಹಪ್ಪಳಕ್ಕೆ ನಿಮ್ಮ ಲೇಬಲ್ ಹಚ್ಚಿ ಕಳುಹಿಸಿದರೆ ರುಚಿ ಬಲ್ಲ ಗ್ರಾಹಕರಿಗೆ ಗೊತ್ತಾಗದೆ ಇರುವುದಿಲ್ಲ. ಕೇಳಿದವರ ಹೆಸರನ್ನು ಮುಂದಿನ ಬೇಸಿಗೆಯ ಪಟ್ಟಿಯಲ್ಲಿ ಬರೆದುಕೊಳ್ಳಿ. ಎಷ್ಟು ಹಲಸು ಬೇಕೆಂಬ ಅಂದಾಜೂ ಅದರಿಂದ ಸಿಗುತ್ತದೆ.

ಒಂದು ಸ್ಪ್ರೆಡ್‌ಶೀಟ್ ಅಥವಾ ಗೆರೆ ಹಾಕಿದ ಪುಸ್ತಕದಲ್ಲಿ ಗ್ರಾಹಕರ ಹೆಸರು, ಊರು, ಕೊಂಡದ್ದು, ದಿನಾಂಕ, ಹೇಗೆ ಗೊತ್ತಾಯಿತು, ಎರಡನೇ ಆರ್ಡರ್‌ನ ದಿನಾಂಕ ಎಂಬ ಆರು ಅಂಕಣಗಳಿರಲಿ. ಪ್ರತಿ ವರ್ಷ ಫೆಬ್ರವರಿಯಲ್ಲಿ, ಹಲಸಿನ ಕೆಲಸ ಶುರುವಾಗುವ ಮೊದಲು, ಕೊನೆಯ ಅಂಕಣವನ್ನು ಎಣಿಸಿ. ಹತ್ತರಲ್ಲಿ ಮೂವರಾದರೂ ಮರಳಿ ಕೊಂಡಿದ್ದರೆ ಉತ್ಪಾದನೆಯನ್ನು ಹೆಚ್ಚಿಸುವ, ಎರಡನೆಯ ಪದಾರ್ಥವನ್ನು ಸೇರಿಸುವ ಯೋಚನೆ ಮಾಡಬಹುದು. ಅದಕ್ಕಿಂತ ಕಡಿಮೆಯಿದ್ದರೆ ಜಾಹೀರಾತಿಗೆಂದು ಇಟ್ಟ ಹಣವನ್ನು ಹಾಗೆಯೇ ಇಟ್ಟು, ಒಮ್ಮೆ ಮಾತ್ರ ಕೊಂಡವರಲ್ಲಿ ಹತ್ತು ಮಂದಿಗೆ ಸಂಜೆಯ ಹೊತ್ತು ಫೋನ್ ಮಾಡಿ. ಮಾರುವ ಮಾತು ತೆಗೆಯದೆ, ಹಪ್ಪಳ ಹೇಗಿತ್ತು, ಪೆಟ್ಟಿಗೆ ಯಾವ ಸ್ಥಿತಿಯಲ್ಲಿ ತಲುಪಿತು, ಉಪ್ಪು ಖಾರ ಸರಿ ಇತ್ತೇ ಎಂದು ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಮೂವರು ಒಂದೇ ಕೊರತೆಯನ್ನು ಹೇಳಿದರೆ ಆ ವರ್ಷದ ಮೊದಲ ಹಲಸು ಬೇಯುವ ಮೊದಲು ಅದನ್ನು ಸರಿಪಡಿಸಿ, ಆ ಹತ್ತು ಮಂದಿಗೂ ಹೊಸ ಹಪ್ಪಳದ ಸಣ್ಣ ಪೊಟ್ಟಣವೊಂದನ್ನು ಕಳುಹಿಸಿ.